ಲಿಂಗಸುಗೂರಿನ ಹತ್ತು ಅಕ್ಷರ: ಕೊಟ್ಟ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವ ಬಗೆ

ಲಿಂಗಸುಗೂರು ಎಂಬ ಊರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹತ್ತು ಅಕ್ಷರ: ಎಲ್, ಐ, ಎನ್, ಜಿ, ಎ, ಎಸ್, ಯು, ಜಿ, ಯು, ಆರ್. ಇವನ್ನು ಬೋರ್ಡಿನ ಮೇಲೆ ಬರೆದು, ಇದರಲ್ಲಿ ಯಾವ ಯಾವ ಇಂಗ್ಲಿಷ್ ಪದ ಅಡಗಿವೆ ಎಂದು ಕೇಳಿದರೆ ನಮ್ಮ ಕಡೆಯ ಹೈಸ್ಕೂಲು ಮಕ್ಕಳು ಸನ್, ಗನ್, ರನ್, ಸಿಂಗ್ ಎಂದು ಬೇಗ ಬೇಗ ಹೇಳಿ ಅಲ್ಲಿಗೇ ನಿಲ್ಲುತ್ತಾರೆ. ಅದೇ ಹತ್ತು ಅಕ್ಷರದಲ್ಲಿ ಶುಗರ್ ಇದೆ, ಸಿಗ್ನಲ್ ಇದೆ, ಯೂಶುವಲ್ ಇದೆ, ಆರ್ಗ್ಯುಯಿಂಗ್ ಇದೆ. ಎಂಟು ಅಕ್ಷರದ ಸಿಂಗ್ಯುಲರ್ ಕೂಡ ಇದೆ.

ಇವು ಮಕ್ಕಳಿಗೆ ಗೊತ್ತಿಲ್ಲದ ಪದಗಳಲ್ಲ. ಸಿಂಗ್ಯುಲರ್, ಪ್ಲೂರಲ್ ಎಂದು ವ್ಯಾಕರಣದಲ್ಲಿ ವರ್ಷವರ್ಷ ಓದಿದ್ದಾರೆ. ಗೊತ್ತಿದ್ದ ಪದ ಕಣ್ಣಿಗೆ ಬೀಳದಿರಲು ಕಾರಣ, ಅವರು ಕಿವಿಯಿಂದ ಹುಡುಕುತ್ತಿದ್ದಾರೆ. ಕನ್ನಡದಲ್ಲಿ ‘ಸು’ ಒಂದೇ ಅಕ್ಷರ. ವ್ಯಂಜನವೂ ಸ್ವರವೂ ಅಲ್ಲಿ ಕೂಡಿಕೊಂಡೇ ಬರುತ್ತವೆ. ಹಾಗಾಗಿ ‘ಲಿಂ-ಗ-ಸು-ಗೂ-ರು’ ಎಂಬ ತುಂಡುಗಳು ಮನಸ್ಸಿನಲ್ಲಿ ಒಡೆಯುವುದೇ ಇಲ್ಲ. ಶುಗರ್ ಎಂಬ ಪದದ ಸದ್ದಿನಲ್ಲಿ ‘ಶ’ ಇದೆ, ಊರ ಹೆಸರಿನ ಸದ್ದಿನಲ್ಲಿ ಇಲ್ಲ. ಕಿವಿ ‘ಇಲ್ಲ’ ಎಂದುಬಿಡುತ್ತದೆ. ಕಣ್ಣು ನೋಡಿದರೆ ಎಸ್-ಯು-ಜಿ ಪಕ್ಕಪಕ್ಕದಲ್ಲೇ ಕೂತಿವೆ, ಎ ಮತ್ತು ಆರ್ ಸೇರಿಸಿದರೆ ಮುಗಿಯಿತು. ಈ ಬರಹದಲ್ಲಿ ಹೇಳುವ ವಿಧಾನಗಳೆಲ್ಲ ಹುಡುಕಾಟವನ್ನು ಕಿವಿಯಿಂದ ಕಣ್ಣಿಗೆ ತರುವುದಕ್ಕಾಗಿಯೇ ಇವೆ.

ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದ ಬರೆದಿದ್ದೇವೆ. ಓದುವಾಗ ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತ ಹೋಗಿ. ಬರೆಯದೆ ಓದಿದರೆ ಅರ್ಧ ತಲೆಗೆ ಹೋಗುವುದಿಲ್ಲ.

ಕೇಳಿದ್ದು ಏನು ಎಂದು ಮೊದಲು ನೋಡಿ

‘ಈ ಅಕ್ಷರಗಳಿರುವ ಪದ’ ಎಂಬ ಮಾತಿಗೆ ನಾಲ್ಕು ಅರ್ಥ ಇರಬಹುದು. ಒಂದು, ಕೊಟ್ಟ ಅಕ್ಷರಗಳನ್ನೆಲ್ಲ ಬಳಸಿ, ಒಂದನ್ನೂ ಬಿಡದೆ ಪದ ಮಾಡುವುದು. ಲಿಸನ್ ಎಂಬುದರ ಆರು ಅಕ್ಷರ ತಿರುವಿ ಹಾಕಿದರೆ ಸೈಲೆಂಟ್ ಆಗುತ್ತದೆ, ಇದನ್ನು ಅನಗ್ರಾಮ್ ಅನ್ನುತ್ತಾರೆ. ಎರಡು, ಕೊಟ್ಟ ಅಕ್ಷರಗಳಲ್ಲಿ ಬೇಕಾದಷ್ಟನ್ನು ಮಾತ್ರ ಆರಿಸಿಕೊಂಡು ಪದ ಮಾಡುವುದು. ಲಿಂಗಸುಗೂರಿನ ಲೆಕ್ಕ ಇದು. ಮೂರು, ಕೊಟ್ಟ ಅಕ್ಷರಗಳು ಪದದಲ್ಲಿ ಇರಲೇಬೇಕು, ಜೊತೆಗೆ ಬೇರೆ ಅಕ್ಷರಗಳೂ ಬರಬಹುದು. ನಾಲ್ಕು, ಪದಬಂಧದಲ್ಲಿ ಇರುವಂತೆ ಅಕ್ಷರದ ಜಾಗ ಗೊತ್ತು, ಉಳಿದ ಖಾನೆ ತುಂಬಬೇಕು.

ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಗೊಂದಲ ಆಗುವುದೇ ಹೆಚ್ಚು. ಬಿ, ಎನ್, ಕೆ ಕೊಟ್ಟು ಎರಡನೇ ಬಗೆಯ ಪ್ರಶ್ನೆ ಕೇಳಿದರೆ ಉತ್ತರವೇ ಇಲ್ಲ, ಯಾಕೆಂದರೆ ಸ್ವರ ಇಲ್ಲ. ಮೂರನೇ ಬಗೆಯಾದರೆ ಉತ್ತರಗಳ ರಾಶಿಯೇ ಇದೆ.

ಅಕ್ಷರಗಳ ಲೆಕ್ಕ ಬರೆದುಕೊಳ್ಳುವುದು

ಎರಡನೇ ಬಗೆಯಿಂದ ಶುರು ಮಾಡೋಣ, ಅಭ್ಯಾಸಕ್ಕೆ ಅದೇ ಒಳ್ಳೆಯದು. ಮೊದಲ ಕೆಲಸ ಸ್ಪೆಲಿಂಗ್ ನಿಗದಿ ಮಾಡುವುದು. ನಮ್ಮ ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ತರಹ ಬರೆಯುತ್ತಾರೆ. ಲಿಂಗಸುಗೂರನ್ನು ನಡುವಿನ ಎ ಇಲ್ಲದೆಯೂ ಬರೆಯುತ್ತಾರೆ. ಆಗ ಶುಗರ್, ಸಿಗ್ನಲ್, ಸಿಂಗ್ಯುಲರ್ ಎಲ್ಲವೂ ಹೊರಟುಹೋಗುತ್ತವೆ. ಗಂಗಾವತಿಯಲ್ಲಿ ಟಿ ಆದಮೇಲೆ ಎಚ್ ಇದ್ದರೆ ನೈಟ್, ಥಿಂಗ್, ಹ್ಯಾವಿಂಗ್ ಸಿಗುತ್ತವೆ, ಇಲ್ಲದಿದ್ದರೆ ಇಲ್ಲ. ಆಟವಾಡಿಸುವವರು ಯಾವ ಸ್ಪೆಲಿಂಗ್ ಎಂದು ಬೋರ್ಡಿನ ಮೇಲೆ ಬರೆದುಬಿಡಬೇಕು, ಬಾಯಲ್ಲಿ ಹೇಳಿದರೆ ಆಮೇಲೆ ಜಗಳ.

ಆಮೇಲೆ ಹಾಳೆಯ ಎಡಕ್ಕೆ ಸ್ವರಗಳನ್ನು, ಬಲಕ್ಕೆ ವ್ಯಂಜನಗಳನ್ನು ಬರೆಯಿರಿ. ಎರಡೆರಡು ಸಲ ಬಂದದ್ದಕ್ಕೆ ಮೇಲೆ 2 ಎಂದು ಹಾಕಿ. ಕೊಪ್ಪಳಕ್ಕೆ ಹೀಗೆ ಬರುತ್ತದೆ: ಎಡಕ್ಕೆ ಒ, ಎ; ಬಲಕ್ಕೆ ಕೆ, ಪಿ 2, ಎಲ್. ಈ ಎರಡು ಸಾಲು ಎದುರಿಗಿದ್ದರೆ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ಕೊಪ್ಪಳದಲ್ಲಿ ಕೋಲಾ ಕರಡಿಯ ‘ಕೊಆಲಾ’ ಇದೆ ಎಂದು ಹೇಳುವವರು ಬಹಳ. ಅದಕ್ಕೆ ಎರಡು ಎ ಬೇಕು, ಇರುವುದು ಒಂದೇ. ಮತದಾನದ ‘ಪೋಲ್’ ಎಂಬುದಕ್ಕೆ ಎರಡು ಎಲ್ ಬೇಕು, ಅದೂ ಆಗುವುದಿಲ್ಲ. ಆಗುವುವು ಓಕ್, ಪಾಲ್, ಲ್ಯಾಪ್, ಪಾಪ್, ಪ್ಲಾಪ್, ಓಪಲ್, ಪೋಲ್ಕಾ. ಓಪಲ್ ಒಂದು ರತ್ನ, ಪೋಲ್ಕಾ ಒಂದು ನೃತ್ಯ.

ಇಲ್ಲಿ ನಮ್ಮ ಭಾಗದವರು ಮಾಡಬೇಕಾದ ಇನ್ನೊಂದು ಕೆಲಸ ಇದೆ. ಮಹಾಪ್ರಾಣಕ್ಕಾಗಿ ನಾವು ಇಂಗ್ಲಿಷಿನಲ್ಲಿ ಹಾಕುವ ಎಚ್ ಅನ್ನು ಅದರ ಜೋಡಿಯಿಂದ ಬಿಡಿಸಬೇಕು. ಸಿಂಧನೂರಿನಲ್ಲಿ ಡಿ-ಎಚ್, ತುಂಗಭದ್ರೆಯಲ್ಲಿ ಬಿ-ಎಚ್. ನಮ್ಮ ಕಣ್ಣಿಗೆ ಇವು ‘ಧ’, ‘ಭ’ ಎಂಬ ಒಂದೊಂದೇ ಅಕ್ಷರ. ಇಂಗ್ಲಿಷಿನಲ್ಲಿ ಆ ಜೋಡಿಗಳು ಹತ್ತಿರ ಹತ್ತಿರ ಬರುವುದೇ ಅಪರೂಪ. ಇಂಗ್ಲಿಷಿನ ಎಚ್ ಕೂಡಿಕೊಳ್ಳುವುದು ಸಿ, ಎಸ್, ಟಿ, ಪಿ, ಡಬ್ಲ್ಯೂ, ಜಿ ಜೊತೆಗೆ. ಸಿಂಧನೂರಿನ ಎಚ್ ಅನ್ನು ಡಿ ಪಕ್ಕದಿಂದ ಎತ್ತಿ ಎಸ್ ಪಕ್ಕಕ್ಕೆ ಇಟ್ಟು ನೋಡಿ: ಡಿಶ್, ರಶ್ ಬರುತ್ತವೆ, ಮೂಲಂಗಿಯ ರ‍್ಯಾಡಿಶ್ ಬರುತ್ತದೆ. ಎಚ್ ಅನ್ನು ಪೂರ್ತಿ ಬಿಟ್ಟರೆ ಗಣಿತದ ರೇಡಿಯಸ್ ಬರುತ್ತದೆ. ಎರಡೂ ಆರಾರು ಅಕ್ಷರದವು.

ಸಾಲಾಗಿ ಬರೆಯಬೇಡಿ

ಅಕ್ಷರಗಳನ್ನು ಸಾಲಾಗಿ ಇಟ್ಟಷ್ಟು ಹೊತ್ತೂ ಕಣ್ಣು ಊರ ಹೆಸರನ್ನೇ ಓದುತ್ತದೆ. ವ್ಯಂಜನಗಳನ್ನು ದುಂಡಗೆ ಸುತ್ತ ಬರೆದು, ಸ್ವರಗಳನ್ನು ನಡುವೆ ಬರೆಯಿರಿ. ಹೊಸ ಪದ ಬರದೆ ನಿಂತಾಗ ಮತ್ತೊಂದು ಸುತ್ತನ್ನು ಬೇರೆ ಕ್ರಮದಲ್ಲಿ ಬರೆಯಿರಿ. ಅದೇ ಸುತ್ತನ್ನು ದಿಟ್ಟಿಸಿ ಕೂತರೆ ಪ್ರಯೋಜನ ಇಲ್ಲ.

ಎಲ್ಲ ಜೋಡಣೆಗಳನ್ನೂ ಒಂದೊಂದಾಗಿ ಮಾಡಿ ನೋಡುತ್ತೇನೆ ಎನ್ನುವವರಿಗೆ ಲೆಕ್ಕ ಹೇಳಬೇಕು. ಬೇರೆ ಬೇರೆ ನಾಲ್ಕು ಅಕ್ಷರ ಇದ್ದರೆ 24 ಜೋಡಣೆ, ಐದಕ್ಕೆ 120, ಆರಕ್ಕೆ 720. ಕೊಪ್ಪಳದಲ್ಲಿ ಪಿ ಎರಡು ಸಲ ಬಂದಿರುವುದರಿಂದ 720ರ ಅರ್ಧ, 360. ಬಳ್ಳಾರಿಯಲ್ಲಿ ಎ ಎರಡು, ಎಲ್ ಎರಡು. 5,040ನ್ನು ನಾಲ್ಕರಿಂದ ಭಾಗಿಸಿ 1,260. ಲಿಂಗಸುಗೂರಿಗೆ 9,07,200. ಇದು ಹತ್ತೂ ಅಕ್ಷರ ಬಳಸಿದರೆ ಮಾತ್ರ. ಬಿಟ್ಟು ಬಿಟ್ಟು ಆರಿಸುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಆದ್ದರಿಂದ ಅಕ್ಷರ ಅಕ್ಷರವಾಗಿ ಅಲ್ಲ, ತುಂಡು ತುಂಡಾಗಿ ಹುಡುಕಬೇಕು.

ಬಾಲದಿಂದ ಹಿಡಿಯುವುದು

ಇಂಗ್ಲಿಷಿನ ಉದ್ದ ಪದಗಳಿಗೆ ಬಾಲ ಇರುತ್ತದೆ: ಐ-ಎನ್-ಜಿ, ಇ-ಡಿ, ಇ-ಆರ್, ಎಲ್-ವೈ, ಟಿ-ಐ-ಒ-ಎನ್, ಎ-ಎಲ್, ಎ-ಆರ್, ಎನ್-ಇ-ಎಸ್-ಎಸ್. ಸುತ್ತಿನಲ್ಲಿ ಬಾಲ ಸಿಕ್ಕಿತೋ, ಅದನ್ನು ಪಕ್ಕಕ್ಕೆ ತೆಗೆದಿಟ್ಟು ಉಳಿದ ಅಕ್ಷರಗಳಲ್ಲಿ ಮಾತ್ರ ಹುಡುಕಿ. ಈ ಒಂದು ಅಭ್ಯಾಸದಿಂದ ಸಿಗುವಷ್ಟು ಪದ ಬೇರೆ ಯಾವುದರಿಂದಲೂ ಸಿಗುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಲಿಂಗಸುಗೂರಿನಿಂದ ಐ-ಎನ್-ಜಿ ತೆಗೆದಿಟ್ಟರೆ ಉಳಿಯುವುದು ಎಲ್, ಎ, ಎಸ್, ಯು 2, ಜಿ, ಆರ್. ಇದರಲ್ಲಿ ಇ ಇಲ್ಲ. ಹಾಗಾಗಿ ರೂಲ್, ಯೂಸ್, ಆರ್ಗ್ಯು, ಗ್ಲೇರ್ ಯಾವುದೂ ಆಗದು ಎಂದು ಮಕ್ಕಳು ಬಿಟ್ಟುಬಿಡುತ್ತಾರೆ. ಆದರೆ ಇ-ಯಲ್ಲಿ ಕೊನೆಯಾಗುವ ಕ್ರಿಯಾಪದಕ್ಕೆ ಐ-ಎನ್-ಜಿ ಹಚ್ಚುವಾಗ ಆ ಇ ಬಿದ್ದುಹೋಗುತ್ತದೆ. ರೂಲ್‌ಗೆ ಇ ಬೇಕು, ರೂಲಿಂಗ್‌ಗೆ ಬೇಡ. ಹೀಗೆ ರೂಲಿಂಗ್, ಯೂಸಿಂಗ್, ಲ್ಯೂರಿಂಗ್, ಗ್ಲೇರಿಂಗ್, ಆರ್ಗ್ಯುಯಿಂಗ್ ಎಲ್ಲ ಸಿಗುತ್ತವೆ. ಕೈಯಲ್ಲಿ ಐ-ಎನ್-ಜಿ ಇದ್ದು ಇ ಇಲ್ಲದಿದ್ದಾಗ ಇ-ಯಲ್ಲಿ ಮುಗಿಯುವ ಕ್ರಿಯಾಪದಗಳನ್ನೇ ಬೇಕೆಂದು ನೆನೆಸಿಕೊಳ್ಳಿ.

ಇದೇ ಬಾಲದಲ್ಲಿ ಎಡವುವ ಜಾಗವೂ ಇದೆ. ರನ್, ಸ್ಯಾಗ್, ಲಗ್ ಮುಂತಾದ ಸಣ್ಣ ಕ್ರಿಯಾಪದಗಳ ಕೊನೆಯ ವ್ಯಂಜನ ಐ-ಎನ್-ಜಿ ಹಚ್ಚುವಾಗ ಇಮ್ಮಡಿಯಾಗುತ್ತದೆ. ರನ್ನಿಂಗ್ ಬರೆಯಲು ಮೂರು ಎನ್ ಬೇಕು. ಇಲ್ಲಿರುವುದು ಒಂದೇ, ಅದೂ ಬಾಲಕ್ಕೆ ಹೋಗಿದೆ. ಸ್ಯಾಗಿಂಗ್‌ಗೆ ಮೂರು ಜಿ ಬೇಕು, ಇರುವುದು ಎರಡು. ರೂಪ ಬದಲಾದ ಪದವನ್ನು ಪೂರ್ತಿ ಬರೆದು, ಒಂದೊಂದೇ ಅಕ್ಷರವನ್ನು ಲೆಕ್ಕದ ಸಾಲಿನಲ್ಲಿ ಗೀಟು ಹಾಕಿ ನೋಡಿದ ಮೇಲೆಯೇ ಒಪ್ಪಿಕೊಳ್ಳಬೇಕು.

ಇ-ಡಿ ಬಾಲಕ್ಕೆ ದೇವದುರ್ಗ ಬಹಳ ಒಳ್ಳೆಯ ಹೆಸರು. ಡಿ 2, ಎ 2, ಇ, ವಿ, ಯು, ಆರ್, ಜಿ. ಇ-ಡಿ ತೆಗೆದಿಟ್ಟು ಹುಡುಕಿದರೆ ಗಾರ್ಡೆಡ್, ಗ್ರೇಡೆಡ್, ಆರ್ಗ್ಯೂಡ್, ಅರ್ಜ್‌ಡ್, ಡೇರ್‌ಡ್ ಬರುತ್ತವೆ. ಗಾರ್ಡೆಡ್ ಏಳು ಅಕ್ಷರದ್ದು: ಜಿ-ಯು-ಎ-ಆರ್-ಡಿ-ಇ-ಡಿ. ಆ್ಯಡೆಡ್ ಮಾತ್ರ ಬರೆಯಬೇಡಿ, ಅದಕ್ಕೆ ಮೂರು ಡಿ ಬೇಕು.

ಎ-ಆರ್ ಬಾಲವನ್ನು ಸಾಮಾನ್ಯವಾಗಿ ಯಾರೂ ನೆನೆಸುವುದಿಲ್ಲ. ಸಿಂಗ್ಯುಲರ್, ರೆಗ್ಯುಲರ್, ಪಾಪ್ಯುಲರ್, ಸರ್ಕ್ಯುಲರ್ ಎಲ್ಲ ಯು-ಎಲ್-ಎ-ಆರ್‌ನಲ್ಲಿ ಮುಗಿಯುತ್ತವೆ. ಲಿಂಗಸುಗೂರಿನಿಂದ ಆ ನಾಲ್ಕು ಅಕ್ಷರ ತೆಗೆದಿಟ್ಟರೆ ಎಸ್, ಐ, ಎನ್, ಜಿ ಉಳಿದೇ ಇವೆ, ಜೊತೆಗೆ ಇನ್ನೊಂದು ಜಿ, ಇನ್ನೊಂದು ಯು. ಸಿಂಗ್ಯುಲರ್ ಸಿಗುವ ದಾರಿ ಇದು. ಅದೇ ಬಾಲಕ್ಕೆ ಐ-ಎನ್-ಎಸ್ ಸೇರಿಸಿದರೆ ಇನ್ಸುಲರ್.

ಕೂಡುವ ವ್ಯಂಜನಗಳು

ಬಾಲ ಸಿಗದಿದ್ದಾಗ ವ್ಯಂಜನಗಳ ಜೋಡಿ ನೋಡಿ. ಪದದ ಮೊದಲಿಗೆ ಬರುವ ಜೋಡಿಗಳು ಬೇರೆ, ಕೊನೆಗೆ ಬರುವುವು ಬೇರೆ. ಬಿ-ಎಲ್, ಸಿ-ಆರ್, ಡಿ-ಆರ್, ಜಿ-ಎಲ್, ಪಿ-ಎಲ್, ಎಸ್-ಟಿ-ಆರ್, ಕೆ-ಎನ್ ಮೊದಲಿಗೆ ನಿಲ್ಲುತ್ತವೆ. ಎನ್-ಕೆ, ಎನ್-ಡಿ, ಎನ್-ಜಿ, ಎಂ-ಪಿ, ಎಲ್-ಕೆ, ಎಲ್-ಎಂ, ಸಿ-ಕೆ, ಜಿ-ಎಚ್-ಟಿ ಕೊನೆಗೆ. ಎಸ್-ಟಿ, ಎಸ್-ಕೆ, ಸಿ-ಎಚ್, ಎಸ್-ಎಚ್, ಟಿ-ಎಚ್ ಎರಡೂ ಕಡೆ.

ಕಂಪ್ಲಿಯನ್ನು ತೆಗೆದುಕೊಳ್ಳಿ: ಕೆ, ಎ, ಎಂ, ಪಿ, ಎಲ್, ಐ. ಕೊನೆಗೆ ಎಲ್-ಕೆ ಇಟ್ಟರೆ ಮಿಲ್ಕ್. ಎಂ-ಪಿ ಇಟ್ಟರೆ ಲ್ಯಾಂಪ್, ಲಿಂಪ್. ಎಲ್-ಎಂ ಇಟ್ಟರೆ ಪಾಮ್, ಅಂದರೆ ಅಂಗೈ ಅಥವಾ ತಾಳೆ ಮರ. ಇಲ್ಲಿ ಎಲ್ ಉಚ್ಚಾರದಲ್ಲಿ ಕೇಳಿಸುವುದೇ ಇಲ್ಲ. ಕಿವಿಯಿಂದ ಹುಡುಕುವವರಿಗೆ ಪಾಮ್ ಸಿಗದು, ಜೋಡಿಯಿಂದ ಹುಡುಕುವವರಿಗೆ ಸಿಗುತ್ತದೆ. ನೈಫ್‌ನ ಕೆ, ನೈಟ್‌ನ ಜಿ-ಎಚ್ ಇವೂ ಹಾಗೆಯೇ.

ವಿ ಇದ್ದರೆ ಒಂದು ಮಾತು. ವಿ-ಯಲ್ಲಿ ಮುಗಿಯುವ ಸಾಮಾನ್ಯ ಪದ ಇಂಗ್ಲಿಷಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗಿವ್, ಹ್ಯಾವ್ ಎಲ್ಲಕ್ಕೂ ಕೊನೆಗೆ ಇ ಬೇಕು. ಇ ಇಲ್ಲದಿದ್ದರೆ ವಿ-ಯನ್ನು ಮೊದಲಿಗೋ ನಡುವೆಯೋ ಇಟ್ಟು ನೋಡಿ. ಮಾನ್ವಿಯಲ್ಲಿ ವ್ಯಾನ್, ವೇನ್ ಸಿಗುವುದು ಹೀಗೆ. ಎರಡನೆಯದು ವಿ-ಎ-ಐ-ಎನ್, ವ್ಯರ್ಥ ಎಂಬ ಅರ್ಥದ್ದು. ಕ್ಯೂ ಇದ್ದರೆ ಯು ಇದೆಯೇ ನೋಡಿ, ಇಲ್ಲದಿದ್ದರೆ ಕ್ಯೂವನ್ನು ಮರೆತುಬಿಡಿ.

ಇರಲೇಬೇಕಾದ ಅಕ್ಷರಗಳು

ಈಗ ಮೂರನೇ ಬಗೆ. ಬಿ, ಎನ್, ಕೆ ಮೂರೂ ಇರುವ ಪದಗಳು ಬೇಕು, ಯಾವ ಕ್ರಮದಲ್ಲಾದರೂ ಸರಿ. ಇಲ್ಲಿ ಅಪರೂಪದ ಅಕ್ಷರದಿಂದ ಶುರು ಮಾಡಬೇಕು. ಇ, ಟಿ, ಎ ಬಹುತೇಕ ಎಲ್ಲೆಡೆ ಇರುತ್ತವೆ, ಅವುಗಳಿಂದ ಹೊರಟರೆ ದಾರಿ ಮುಗಿಯುವುದೇ ಇಲ್ಲ. ಜೆ, ಕ್ಯೂ, ಎಕ್ಸ್, ಝಡ್ ಬಹಳ ಕಡಿಮೆ. ಆಮೇಲೆ ಕೆ, ವಿ, ಡಬ್ಲ್ಯೂ. ನಮ್ಮ ಮೂರರಲ್ಲಿ ಕೆ ಅಪರೂಪದ್ದು.

ಕೆ ಪದದಲ್ಲಿ ಎಲ್ಲಿ ಕೂರಬಹುದು ಎಂದು ಕೇಳಿಕೊಳ್ಳಿ. ಎನ್ ಜೊತೆ ಕೊನೆಗೆ ಕೂತರೆ ಬ್ಯಾಂಕ್, ಬ್ಲಿಂಕ್, ಬಂಕ್, ಬ್ರಿಂಕ್, ಅವುಗಳ ಬೆನ್ನಿಗೆ ಬ್ಲ್ಯಾಂಕೆಟ್, ಬ್ಯಾಂಕರ್. ಎನ್ ಮುಂದೆ ಮೊದಲಿಗೆ ಕೂತರೆ ನಾಬ್, ಕೆ-ಎನ್-ಒ-ಬಿ. ಸಿ ಜೊತೆ ಕೂತರೆ ಬೆಕನ್, ಬ್ಯಾಕ್‌ಗ್ರೌಂಡ್. ಒಂಟಿಯಾಗಿ ಕೂತರೆ ಬ್ರೋಕನ್, ನೋಟ್‌ಬುಕ್.

ಇನ್ನೂ ಬೇಕಾದರೆ ಎನ್ ಅನ್ನು ಬಾಲದಿಂದ ತನ್ನಿ. ಐ-ಎನ್-ಜಿಯಲ್ಲಿ ಎನ್ ಇದೆ, ಎನ್-ಇ-ಎಸ್-ಎಸ್‌ನಲ್ಲಿ ಇದೆ, ಮೊದಲಿಗೆ ಬರುವ ಯು-ಎನ್‌ನಲ್ಲೂ ಇದೆ. ಆಗ ಹುಡುಕಬೇಕಾದದ್ದು ಬಿ ಮತ್ತು ಕೆ ಎರಡು ಮಾತ್ರ: ಬೇಕಿಂಗ್, ಬಾರ್ಕಿಂಗ್, ಬುಕಿಂಗ್, ಬ್ರೇಕಿಂಗ್, ಬ್ಲಾಕಿಂಗ್, ಬ್ಲ್ಯಾಕ್‌ನೆಸ್, ಅನ್‌ಬ್ರೋಕನ್. ಕೇಳಿದ ಒಂದು ಅಕ್ಷರವನ್ನು ಬಾಲಕ್ಕೋ ತಲೆಗೋ ಒಪ್ಪಿಸಿಬಿಟ್ಟರೆ ಕೆಲಸ ಅರ್ಧವಾಗುತ್ತದೆ.

ಪದಬಂಧದ ಖಾನೆಗಳಿಗೂ ಇದೇ ಜೋಡಿ ಲೆಕ್ಕ ಸಾಕು. ಎರಡನೇ ಖಾನೆಯಲ್ಲಿ ಎಚ್ ಇದೆ ಎಂದರೆ ಮೊದಲ ಖಾನೆಯಲ್ಲಿ ಸಿ, ಎಸ್, ಟಿ, ಡಬ್ಲ್ಯೂ, ಪಿ ಇವುಗಳಲ್ಲೊಂದು ಇರುವ ಸಂಭವವೇ ಹೆಚ್ಚು. ಎರಡನೆಯದು ಎನ್ ಆದರೆ ಮೊದಲನೆಯದು ಹೆಚ್ಚಾಗಿ ಕೆ, ಎಸ್ ಅಥವಾ ಸ್ವರ. ಅಚ್ಚಿನ ನಿಘಂಟು ಮೊದಲ ಅಕ್ಷರದ ಕ್ರಮದಲ್ಲಿ ಇರುವುದರಿಂದ, ಕೊನೆಯ ಅಕ್ಷರ ಮಾತ್ರ ಗೊತ್ತಿದ್ದರೆ ಅದು ನೆರವಾಗುವುದಿಲ್ಲ. ಮೊದಲ ಖಾನೆಗೆ ಆಗಬಹುದಾದ ನಾಲ್ಕೈದು ಅಕ್ಷರ ಬರೆದುಕೊಂಡು ಆಮೇಲೆ ನಿಘಂಟು ತೆರೆಯಿರಿ.

ಪರೀಕ್ಷೆಯಲ್ಲಿ ಬರುವ ರೂಪ

ಬ್ಯಾಂಕು, ರೈಲ್ವೆ ಮುಂತಾದ ನೇಮಕಾತಿ ಪರೀಕ್ಷೆಗಳ ರೀಸನಿಂಗ್ ಭಾಗದಲ್ಲಿ ‘ಈ ಪದದ ಅಕ್ಷರಗಳಿಂದ ಯಾವುದನ್ನು ಮಾಡಲಾಗದು’ ಎಂಬ ಪ್ರಶ್ನೆ ಕೇಳುತ್ತಾರೆ. ಅಗ್ರಿಕಲ್ಚರ್ ಎಂಬ ಪದ ಕೊಟ್ಟು ಆರ್ಟಿಕಲ್, ಗಿಟಾರ್, ರೆಗ್ಯುಲರ್, ಕ್ರಿಯೇಚರ್ ಎಂಬ ನಾಲ್ಕು ಆಯ್ಕೆ ಕೊಟ್ಟಿದ್ದಾರೆ ಎಂದುಕೊಳ್ಳಿ. ನಾಲ್ಕನ್ನೂ ಮೊದಲಿಂದ ಕೊನೆತನಕ ತಾಳೆ ನೋಡಲು ಹೋಗಬೇಡಿ. ಮೊದಲು ಪ್ರತಿ ಆಯ್ಕೆಯಲ್ಲಿ ಹೊರಗಿನ ಅಕ್ಷರ ಇದೆಯೇ ನೋಡಿ. ಇಲ್ಲಿ ಯಾವುದರಲ್ಲೂ ಇಲ್ಲ. ಆಮೇಲೆ ಆಯ್ಕೆಯೊಳಗೆ ಎರಡು ಸಲ ಬಂದ ಅಕ್ಷರ ಮಾತ್ರ ನೋಡಿ. ಆರ್ಟಿಕಲ್, ಗಿಟಾರ್‌ನಲ್ಲಿ ಮರುಕಳಿಸಿದ ಅಕ್ಷರವೇ ಇಲ್ಲ, ಅವು ಪಾಸು. ರೆಗ್ಯುಲರ್‌ನಲ್ಲಿ ಆರ್ ಎರಡು, ಅಗ್ರಿಕಲ್ಚರ್‌ನಲ್ಲೂ ಎರಡು. ಕ್ರಿಯೇಚರ್‌ನಲ್ಲಿ ಆರ್ ಎರಡು ಸರಿಹೋಯಿತು, ಇ ಎರಡು. ಕೊಟ್ಟ ಪದದಲ್ಲಿ ಇ ಒಂದೇ. ಉತ್ತರ ಅದು.

ಲಗ್ನಪತ್ರಿಕೆಯಿಂದ ಅಕ್ಷರದ ಬಿಲ್ಲೆ

ಕೈಯಲ್ಲಿ ಸರಿಸಾಡಿಸುವ ಬಿಲ್ಲೆಗಳಿದ್ದರೆ ಹುಡುಕಾಟ ಬಹಳ ಹಗುರ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆ ಇದಕ್ಕೆ ಚೆನ್ನ. 12 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದದ ಒಂದು ಹಾಳೆಯನ್ನು 2 ಸೆಂ.ಮೀ. ಚೌಕಗಳಾಗಿ ಕತ್ತರಿಸಿದರೆ 54 ಬಿಲ್ಲೆ. ಎರಡು ಹಾಳೆಗೆ 108. ಇದಕ್ಕಿಂತ ಸಣ್ಣದಾದರೆ ಬೆರಳಿಗೆ ಸಿಗುವುದಿಲ್ಲ, ಫ್ಯಾನಿನ ಗಾಳಿಗೂ ಹಾರುತ್ತದೆ. ಹೊಳಪಿರುವ ಮಗ್ಗುಲಲ್ಲಿ ಶಾಯಿ ಒರೆಸಿಹೋಗುತ್ತದೆ, ಒರಟು ಮಗ್ಗುಲಲ್ಲಿ ಮಾರ್ಕರಿನಿಂದ ದೊಡ್ಡಕ್ಷರದಲ್ಲಿ ಬರೆಯಿರಿ. ಪ್ರತಿ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಇಲ್ಲದಿದ್ದರೆ ಎಂ ತಿರುಗಿ ಡಬ್ಲ್ಯೂ ಆಗುತ್ತದೆ, ಎನ್ ತಿರುಗಿ ಝಡ್ ಆಗುತ್ತದೆ.

ಯಾವ ಅಕ್ಷರ ಎಷ್ಟು ಎಂಬುದಕ್ಕೆ, ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಮಾಡುವ ಸ್ಕ್ರ್ಯಾಬಲ್ ಆಟದ ಲೆಕ್ಕವನ್ನೇ ಹಿಡಿಯಬಹುದು. ಆ ಆಟವನ್ನು ರೂಪಿಸಿದ ಅಮೆರಿಕದ ಆಲ್‌ಫ್ರೆಡ್ ಮಾಷರ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿನ ಅಕ್ಷರಗಳನ್ನು ಎಣಿಸಿ ಈ ಪ್ರಮಾಣ ಕಟ್ಟಿದರು. ಇ 12, ಎ, ಐ ಒಂಬತ್ತೊಂಬತ್ತು, ಒ 8, ಎನ್, ಆರ್, ಟಿ ಆರಾರು, ಎಲ್, ಎಸ್, ಯು, ಡಿ ನಾಲ್ನಾಲ್ಕು, ಜಿ 3, ಬಿ, ಸಿ, ಎಂ, ಪಿ, ಎಫ್, ಎಚ್, ವಿ, ಡಬ್ಲ್ಯೂ, ವೈ ಎರಡೆರಡು, ಕೆ, ಜೆ, ಎಕ್ಸ್, ಕ್ಯೂ, ಝಡ್ ಒಂದೊಂದು. ಒಟ್ಟು 98, ಜೊತೆಗೆ ಯಾವ ಅಕ್ಷರಕ್ಕಾದರೂ ಸಲ್ಲುವ 2 ಖಾಲಿ ಬಿಲ್ಲೆ.

ಇದು ಇಂಗ್ಲಿಷ್ ಬರವಣಿಗೆಯ ಪ್ರಮಾಣ, ನಮ್ಮ ಊರುಗಳದ್ದಲ್ಲ. ಕನಕಗಿರಿ, ಕುಕನೂರು ಎರಡಕ್ಕೂ ಎರಡೆರಡು ಕೆ ಬೇಕು, ಪೆಟ್ಟಿಗೆಯಲ್ಲಿರುವುದು ಒಂದೇ. ಉಳಿದ 8 ಬಿಲ್ಲೆಗಳಲ್ಲಿ ಕೆ 2, ಎಚ್ 2, ಜಿ 2 ಬರೆದು, ಇನ್ನೆರಡನ್ನು ಕಳೆದುಹೋದ ಬಿಲ್ಲೆಗಳ ಬದಲಿಗೆ ಇಟ್ಟುಕೊಳ್ಳಿ.

ಕ್ರಮ ಹಚ್ಚಿದ ನೋಟ್‌ಬುಕ್

ಎಲ್ಲ ಅಕ್ಷರ ಬಳಸುವ ಮೊದಲ ಬಗೆಗೆ ಎಲ್ಲಕ್ಕಿಂತ ಗಟ್ಟಿಯಾದ ಉಪಾಯ ಇದು. ಪದದ ಅಕ್ಷರಗಳನ್ನು ಎ-ಯಿಂದ ಝಡ್‌ವರೆಗಿನ ಕ್ರಮಕ್ಕೆ ತನ್ನಿ. ನೈಟ್ ಎಂಬುದು ಜಿ-ಎಚ್-ಐ-ಎನ್-ಟಿ ಆಗುತ್ತದೆ. ಥಿಂಗ್ ಕೂಡ ಜಿ-ಎಚ್-ಐ-ಎನ್-ಟಿಯೇ. ಹೀಗೆ ಕ್ರಮ ಹಚ್ಚಿದ ಸಾಲೇ ಆ ಪದದ ಕೀಲಿ. ಒಂದೇ ಕೀಲಿ ಬಂತೆಂದರೆ ಎರಡೂ ಒಂದೇ ಅಕ್ಷರಗಳ ಪದ. ನೋಟ್‌ಬುಕ್ಕಿನ ಎಡಕ್ಕೆ ಕೀಲಿ, ಬಲಕ್ಕೆ ಪದಗಳು. ಕೀಲಿಗಳು ನಿಘಂಟಿನ ಕ್ರಮದಲ್ಲಿ. ಪಠ್ಯಪುಸ್ತಕದ ಪಾಠಗಳಲ್ಲಿ ಬರುವ ನಾಲ್ಕು, ಐದು ಅಕ್ಷರದ ಪದಗಳಿಂದ ತುಂಬಿಸುತ್ತ ಬನ್ನಿ. ಒ-ಪಿ-ಎಸ್-ಟಿ ಎಂಬ ಕೀಲಿಯ ಎದುರು ಸ್ಟಾಪ್, ಪೋಸ್ಟ್, ಸ್ಪಾಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್ ಆರೂ ಬಂದು ಕೂರುತ್ತವೆ. ಎ-ಐ-ಎಲ್-ಆರ್ ಎದುರು ರೈಲ್, ಲೈಯರ್, ಲೇರ್. ಈ ಮೂರೂ ಬಳ್ಳಾರಿಯೊಳಗೆ ಇವೆ. ಅದೇ ಕೀಲಿಗೆ ಟಿ ಸೇರಿಸಿದರೆ ಟ್ರೇಲ್, ಟ್ರಯಲ್.

ಫೋನು, ಕಂಪ್ಯೂಟರು

ಪದ ಹುಡುಕಿಕೊಡುವ ಸೈಟುಗಳು ಬೇಕಾದಷ್ಟಿವೆ. ಅಲ್ಲಿ ಆಗುವ ದೊಡ್ಡ ತಪ್ಪು ಒಂದೇ: ‘ಕಂಟೇನ್ಸ್’ ಎಂಬ ಖಾನೆಯಲ್ಲಿ ಬಿ-ಎನ್-ಕೆ ಎಂದು ಒಟ್ಟಿಗೆ ಬರೆದರೆ ಹಲವು ಸೈಟುಗಳು ಆ ಮೂರೂ ಅದೇ ಕ್ರಮದಲ್ಲಿ ಪಕ್ಕಪಕ್ಕ ಇರುವ ಪದವನ್ನು ಹುಡುಕುತ್ತವೆ. ಹಾಗಾಗಿ ಪಟ್ಟಿ ಖಾಲಿ ಬರುತ್ತದೆ. ‘ಇನ್‌ಕ್ಲೂಡ್’ ಎಂಬ ಬೇರೆ ಖಾನೆ ಇದೆಯೇ ನೋಡಿ. ಪ್ರಶ್ನಾರ್ಥಕ ಚಿಹ್ನೆ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ, ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಕ್ಕಾದರೂ ನಿಲ್ಲುತ್ತದೆ. ಈ ಸೈಟುಗಳ ಪಟ್ಟಿ ಸ್ಕ್ರ್ಯಾಬಲ್ ಆಟಕ್ಕೆಂದು ಕೂಡಿಸಿದ್ದಾಗಿದ್ದರೆ ಎಲ್ಲೂ ಕಾಣದ ಪದಗಳು ತುಂಬಿರುತ್ತವೆ. ಅರ್ಥ ಹೇಳಲು ಬಾರದ ಪದವನ್ನು ನಿಘಂಟಿನಲ್ಲಿ ನೋಡದೆ ಮಕ್ಕಳಿಗೆ ಕೊಡಬೇಡಿ.

ನೆಟ್‌ವರ್ಕ್ ಸಿಗದ ಕಡೆ ಎಕ್ಸೆಲ್ ಸಾಕು. ಎನೇಬಲ್ ಎಂಬ ಪದಪಟ್ಟಿ ಯಾರಾದರೂ ಬಳಸಬಹುದಾದದ್ದು, 1,70,000ಕ್ಕೂ ಹೆಚ್ಚು ಪದ ಇದೆ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಇರುವುದರಿಂದ ಸಲೀಸಾಗಿ ಹಿಡಿಯುತ್ತದೆ. ಪಟ್ಟಿ ಅಂಟಿಸುವ ಮೊದಲು ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಬದಲಿಸಿಕೊಳ್ಳಿ, ಇಲ್ಲದಿದ್ದರೆ ಟ್ರೂ, ಫಾಲ್ಸ್ ಎಂಬ ಎರಡು ಪದಗಳನ್ನು ಎಕ್ಸೆಲ್ ತರ್ಕದ ಬೆಲೆ ಎಂದು ತಿಳಿದು ಹಿಡಿದಿಟ್ಟುಕೊಳ್ಳುತ್ತದೆ. ಫಿಲ್ಟರಿನಲ್ಲಿ ‘ಕಸ್ಟಮ್’ ಆರಿಸಿದರೆ ಎರಡು ಷರತ್ತು ಕೊಡಬಹುದು: ಬಿ ಇರಬೇಕು ಮತ್ತು ಕೆ ಇರಬೇಕು. ಬಂದದ್ದನ್ನು ಹೊಸ ಹಾಳೆಗೆ ನಕಲು ಮಾಡಿ ಎನ್‌ಗೆ ಮತ್ತೆ ಫಿಲ್ಟರ್ ಹಾಕಿ. ಎರಡು ಎಲ್ ಬೇಕಾದರೆ ನಕ್ಷತ್ರ, ಎಲ್, ನಕ್ಷತ್ರ, ಎಲ್, ನಕ್ಷತ್ರ ಎಂದು ಬರೆಯಿರಿ.

ಬಳ್ಳಾರಿಯೊಳಗಿನ ಪದಗಳನ್ನೆಲ್ಲ ಯಂತ್ರದಿಂದಲೇ ತೆಗೆಯಬೇಕಾದರೆ ಅಕ್ಷರಕ್ಕೊಂದು ಕಾಲಮ್ ಮಾಡಿ. ಪದದ ಉದ್ದದಿಂದ, ಆ ಅಕ್ಷರವನ್ನು ‘ಸಬ್‌ಸ್ಟಿಟ್ಯೂಟ್’ ಸೂತ್ರದಿಂದ ಅಳಿಸಿದ ಮೇಲಿನ ಉದ್ದ ಕಳೆದರೆ ಅದು ಎಷ್ಟು ಸಲ ಬಂದಿದೆ ಎಂದು ಗೊತ್ತಾಗುತ್ತದೆ. ಎ ಮತ್ತು ಎಲ್ ಎರಡನ್ನು ಮೀರಬಾರದು. ಬಿ, ಆರ್, ಐ ಒಂದನ್ನು ಮೀರಬಾರದು. ಐದೂ ಎಣಿಕೆಗಳ ಮೊತ್ತ ಪದದ ಉದ್ದಕ್ಕೆ ಸಮ ಇರಬೇಕು. ಮೊತ್ತ ಕಡಿಮೆ ಬಂದರೆ ಹೊರಗಿನ ಅಕ್ಷರ ಇದೆ ಎಂದರ್ಥ. ಈ ಸೂತ್ರ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೇರೆ ಎಂದು ಎಣಿಸುತ್ತದೆ, ಆದ್ದರಿಂದ ಮೊದಲೇ ‘ಲೋವರ್’ ಸೂತ್ರದಿಂದ ಎಲ್ಲವನ್ನೂ ಚಿಕ್ಕಕ್ಷರಕ್ಕೆ ತನ್ನಿ. ಹೀಗೆ ಸೋಸಿದಾಗ ಬಳ್ಳಾರಿಯಿಂದ ಬಾಲ್, ಬಿಲ್, ಬೇಲ್ ಜೊತೆಗೆ ಆರು ಅಕ್ಷರದ ಲೇಬಿಯಲ್ ಕೂಡ ಬರುತ್ತದೆ. ತುಟಿಯಿಂದ ಹುಟ್ಟುವ ಪ, ಬ, ಮ ಗುಂಪಿಗೆ ನಾವು ಓಷ್ಠ್ಯ ಅನ್ನುತ್ತೇವಲ್ಲ, ಅದೇ.

ಅಭ್ಯಾಸಕ್ಕೆ

ಊರ ಹೆಸರು, ಚಿಕ್ಕ ರೂಪ, ಹೈಫನ್ ಇರುವ ಪದ ಬೇಡ, ಬಹುವಚನದ ಎಸ್ ಆಗಬಹುದು ಎಂದು ನಿಯಮ ಹೇಳಿಬಿಟ್ಟು ಈ ಮೂರನ್ನು ಕೊಡಿ.

ರಾಯಚೂರು: ಚೇರ್, ಹೇರ್, ರಿಚ್, ಆರ್ಚ್, ಯೂರಿಕ್. ಇಲ್ಲಿ ಸಿ-ಎಚ್ ಜೋಡಿ ಊರ ಹೆಸರಿನಲ್ಲೂ ಇಂಗ್ಲಿಷಿನಲ್ಲೂ ಒಂದೇ ಆದ್ದರಿಂದ ಶುರುವಿಗೆ ಸುಲಭ.

ಕುಷ್ಟಗಿ, ಎಸ್-ಎಚ್-ಟಿ ಇರುವ ಸ್ಪೆಲಿಂಗಿನಲ್ಲಿ: ಟಾಸ್ಕ್, ಟಸ್ಕ್, ಹಸ್ಕ್, ಶಟ್, ಸೈಟ್, ಹೈಕು. ಸೈಟ್ ಎಂದರೆ ಜಿ-ಎಚ್ ಇರುವುದು, ಪ್ಲಾಟಿನ ಸೈಟ್ ಅಲ್ಲ; ಅದಕ್ಕೆ ಇ ಬೇಕು. ಟೈಟ್‌ಗೆ ಎರಡು ಟಿ ಬೇಕು, ಆಗದು.

ತುಂಗಭದ್ರಾ, ಹನ್ನೊಂದು ಅಕ್ಷರ: ಹಂಟ್, ಹರ್ಟ್, ಬ್ರ್ಯಾಂಡ್, ಗ್ರ್ಯಾಂಡ್, ಗ್ರ್ಯಾಂಟ್, ಬರ್ನ್ಟ್, ಟಂಡ್ರಾ, ವಿಮಾನ ನಿಲ್ಲಿಸುವ ಹ್ಯಾಂಗರ್. ಬಟ್ಟೆ ತೂಗುಹಾಕುವ ಹ್ಯಾಂಗರ್ ಆಗದು, ಅದರಲ್ಲಿ ಇ ಇದೆ. ಏಳು ಅಕ್ಷರದ ಡ್ರಾಫ್ಟ್ ಇದೆ, ಡಿ-ಆರ್-ಎ-ಯು-ಜಿ-ಎಚ್-ಟಿ, ಗಾಳಿಯ ಸೆಳೆತ ಅಥವಾ ಗುಟುಕು ಎಂಬ ಅರ್ಥದ್ದು. ಇದನ್ನೇ ಬರಗಾಲದ ಡ್ರೌಟ್ ಎಂದು ಓದಿಬಿಡುವವರಿದ್ದಾರೆ. ಬರಗಾಲಕ್ಕೆ ಎ ಜಾಗದಲ್ಲಿ ಒ ಬೇಕು, ತುಂಗಭದ್ರೆಯಲ್ಲಿ ಒ ಇಲ್ಲ.